ಹಿಮದ ಇಳಿಜಾರಿನ ಕಾವಲು

1936ರ ಹೊಸವರ್ಷದ ದಿನಗಳಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೋ ಎಂಬ ಊರಿನ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಮಿನಟ್ ಡೋಲ್ ಎಂಬಾತನು ಬಿದ್ದು ಕಾಲಿನ ಹರಡನ್ನು ಮುರಿದುಕೊಂಡಾಗ, ಅವನನ್ನು ಕೆಳಗಿಳಿಸಲು ಗೆಳೆಯರಿಗೆ ದೊರೆತ ವಾಹನವೆಂದರೆ ಮಾಡಿಗೆ ಹೊದಿಸುವ ತಗಡಿನ ಒಂದು ತುಂಡು. ಆ ಗೆಳೆಯರಲ್ಲೊಬ್ಬನಾದ ಫ್ರಾಂಕ್ ಎಡ್ಸನ್ ಕೆಲವೇ ವಾರಗಳ ತರುವಾಯ ಸ್ಕೀ ಪಂದ್ಯವೊಂದರಲ್ಲಿ ಅಸುನೀಗಿದನು. ಆ ದುಃಖದ ಗರ್ಭದಿಂದಲೇ 1938ರಲ್ಲಿ, ಇಳಿಜಾರಿನಲ್ಲಿ ಗಾಯಗೊಂಡವರಿಗೆ ನೆರವಾಗುವ ನ್ಯಾಷನಲ್ ಸ್ಕೀ ಪಟ್ರೋಲ್ ಎಂಬ ಕಾವಲು ಪಡೆಯು ಜನ್ಮ ತಾಳಿತು.

ಈ ಸೇವೆಗೆ ಸೇರಬಯಸುವವರಿಗೆ ಜಾರುವ ಚಾತುರ್ಯವೊಂದೇ ಸಾಲದು. ರಕ್ತಸ್ರಾವವನ್ನು ನಿಲ್ಲಿಸುವ, ಮುರಿದ ಮೂಳೆಗೆ ದಬ್ಬೆ ಕಟ್ಟುವ, ಶೀತದಿಂದ ಜಡವಾಗುತ್ತಿರುವ ದೇಹವನ್ನು ಗುರುತಿಸುವ ದೀರ್ಘ ಶಿಕ್ಷಣವನ್ನು ಅವರು ಪೂರೈಸಬೇಕು. ಆದರೆ ನನ್ನ ಮನಸ್ಸು ನೆಟ್ಟಿರುವುದು ಟೊಬಾಗನ್ ಎಂಬ ಜಾರುಬಂಡಿಯ ಅಭ್ಯಾಸದಲ್ಲಿ. ಎರಡು ಹಿಡಿಗಳ ನಡುವೆ ನಿಂತ ಶಿಕ್ಷಾರ್ಥಿಯು, ಸ್ಕೀಗಳ ಅಂಚನ್ನು ಹಿಮಕ್ಕೊತ್ತಿ ಅಡ್ಡಲಾಗಿ ಜಾರುತ್ತ, ಮೊದಲು ಬರಿಯ ಬಂಡಿಯನ್ನೂ ಅನಂತರ ಸಹಪಾಠಿಯೊಬ್ಬನನ್ನು ಮಲಗಿಸಿದ ಬಂಡಿಯನ್ನೂ ಇಳಿಸಿ ಕಲಿಯುತ್ತಾನೆ. ಕಡಿದಾದೆಡೆಯಲ್ಲಿ ಮತ್ತೊಬ್ಬನು ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತಾನೆ. ಸರದಿ ಬಂದಾಗ ತಾನೂ ಪಟ್ಟಿ ಬಿಗಿಸಿಕೊಂಡು ಅದರಲ್ಲಿ ಮಲಗಿ, ಆಕಾಶವನ್ನಷ್ಟೇ ಕಾಣುತ್ತ, ಪ್ರತಿಯೊಂದು ಕುಲುಕಾಟವನ್ನೂ ಬೆನ್ನಿನಿಂದ ಅರಿಯುತ್ತ ಇಳಿಯುತ್ತಾನೆ. ಪರರ ನೋವನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಕಾಣೆ.

ಆದರೆ ರಕ್ಷಕರು ಎಷ್ಟೇ ನುರಿತವರಾದರೂ, ಹಿಮಕುಸಿತದಲ್ಲಿ ಪೂರ್ಣವಾಗಿ ಹೂತವನು ಬದುಕುಳಿಯುವ ಸಂಭವವು ಮೊದಲ ಹದಿನೈದು ನಿಮಿಷಗಳೊಳಗೇ ತೀವ್ರವಾಗಿ ಕುಗ್ಗತೊಡಗುತ್ತದೆ. ಆದುದರಿಂದ ಗುಲ್ಮಾರ್ಗಕ್ಕೆ ಸ್ಕೀಯಿಂಗಿಗೆಂದು ಹೋಗುವ ನಮ್ಮ ತರುಣರಲ್ಲಿ ಒಂದು ವಿನಂತಿ: ಅಲ್ಲಿನ ಸ್ಕೀ ಪಟ್ರೋಲಿನವರು ಮುಚ್ಚಿದ ಇಳಿಜಾರಿಗೆ ದಯವಿಟ್ಟು ಕಾಲಿಡಬೇಡಿ.