ಸೂಕ್ಷ್ಮದರ್ಶಕದ ಮಾಯೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಹಿರಿಯರ ಮಾತು ವ್ಯವಹಾರಸ್ಥರಿಗೆ ಮಾತ್ರವಲ್ಲ, ವಿಜ್ಞಾನಿಗಳಿಗೂ ಒಪ್ಪುತ್ತದೆ. ಕಣ್ಣಿನ ಶಕ್ತಿಯನ್ನು ನೂರಾರು ಮಡಿ ಹೆಚ್ಚಿಸುವ ಯಂತ್ರವು ಅದರ ಭ್ರಮೆಯನ್ನೂ ಹೆಚ್ಚಿಸಬಲ್ಲದು.

1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ತರುಣ ವಿದ್ವಾಂಸ ಮಾರ್ವಿನ್ ಮಿನ್‌ಸ್ಕಿಗೆ ಮಿದುಳಿನ ನರಕೋಶಗಳ ಹೆಣಿಗೆಯನ್ನು ಕಾಣುವ ಹಂಬಲ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಮೇಲಿನ ಪದರದ ಬೆಳಕೂ ಕೆಳಗಿನದೂ ಕಲಸಿ ಎಲ್ಲವೂ ಮಂಜುಮಂಜು. ಆತ ಬೆಳಕಿನ ದಾರಿಯಲ್ಲಿ ಸೂಜಿಮೊನೆಯಂಥ ರಂಧ್ರವನ್ನಿಟ್ಟ. ನಾಭಿಯಲ್ಲಿರುವ ಒಂದು ಬಿಂದುವಿನ ಬೆಳಕಷ್ಟೇ ಒಳಬಂದಿತು, ಉಳಿದುದು ಹೊರಗೇ ನಿಂತಿತು. ಈ ಉಪಾಯಕ್ಕೆ 1961ರಲ್ಲಿ ಪೇಟೆಂಟು ದೊರೆಯಿತು. ಲೇಸರ್ ಕಿರಣ ಅದಕ್ಕೆ ಜೊತೆಯಾದದ್ದು ಆಮೇಲೆ. ಇದೇ ಇಂದಿನ ಕಾನ್‌ಫೋಕಲ್ ಸೂಕ್ಷ್ಮದರ್ಶಕ.

ಮಂಜು ಹರಿಯಿತು, ಮಾಯೆ ಹರಿಯಲಿಲ್ಲ. ಹೊಲದಲ್ಲಿ ನೇಗಿಲು ಹೋಗಿ ಮರಳುವಂತೆ ಕಿರಣವು ಸಾಲುಸಾಲಾಗಿ ಚಲಿಸುತ್ತದೆ. ಹೋಗುವ ಸಾಲಿಗೂ ಬರುವ ಸಾಲಿಗೂ ಕೂದಲೆಳೆಯಷ್ಟು ಹೊಂದಿಕೆ ತಪ್ಪಿದರೆ ಕೋಶದ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಮೇಜು ನಡುಗಿದರೆ ನೇರಗೆರೆ ಅಲೆಯಾಗುತ್ತದೆ. ಎಣ್ಣೆಗೆಂದು ರೂಪಿಸಿದ ಮಸೂರದಿಂದ ನೀರಿನಲ್ಲಿರುವ ಕೋಶವನ್ನು ನೋಡಿದರೆ, ಆಳಕ್ಕೆ ಹೋದಂತೆ ಚಿತ್ರ ಮಂಕಾಗಿ, ದುಂಡನೆಯ ಕೋಶ ಮೊಟ್ಟೆಯಂತೆ ನೀಳವಾಗುತ್ತದೆ. ಎಣ್ಣೆಯ ವಕ್ರೀಭವನಾಂಕ ಸುಮಾರು 1.52, ನೀರಿನದು 1.33. ಸಾಲುಗಳನ್ನು ಸರಿಹೊಂದಿಸಿ, ಮೇಜನ್ನು ಭದ್ರಪಡಿಸಿ, ನೀರಿಗೊಪ್ಪುವ ಮಸೂರವನ್ನಿಟ್ಟರೆ ಇವು ತಹಬಂದಿಗೆ ಬರುತ್ತವೆ.

ಇವು ವಿಕಾರ ತೋರಿಸಿ ಸಿಕ್ಕಿಬೀಳುವ ಕಳ್ಳರು. ಸುಂದರವಾಗಿ ಬಂದು ವಂಚಿಸುವವನೇ ಬೇರೆ. ಒಂದು ಪ್ರೋಟೀನಿಗೆ ಹಸುರು ಬಣ್ಣ, ಮತ್ತೊಂದಕ್ಕೆ ಕೆಂಪು. ಎರಡೂ ಕೂಡಿದಲ್ಲಿ ಹಳದಿ ಹೊಳೆಯಬೇಕು. ಹಳದಿ ಹೊಳೆಯುತ್ತದೆ, ವರುಷಗಳ ದುಡಿಮೆ ಫಲಿಸಿತೆಂದು ವಿದ್ಯಾರ್ಥಿ ಹಿಗ್ಗುತ್ತಾನೆ. ಆದರೆ ಹಸುರು ಬಣ್ಣದ ಬೆಳಕಿನ ಬಾಲ ಕೆಂಪಿನವರೆಗೂ ಚಾಚಿರುತ್ತದೆ. ಕೆಂಪನ್ನು ಹಿಡಿಯುವ ಕಣ್ಣಿಗೆ ಅದು ಸೋರಿದರೆ, ಇಲ್ಲದ ಪ್ರೋಟೀನೂ ಇದ್ದಂತೆ ತೋರುತ್ತದೆ. ಮುದಿ ನರಕೋಶಗಳಲ್ಲಿ ಸೇರಿಕೊಂಡ ಲಿಪೊಫಸ್ಸಿನ್ ಎಂಬ ಕಸವಂತೂ ಯಾರ ಬಣ್ಣದ ಹಂಗೂ ಇಲ್ಲದೆ ತಾನೇ ಹೊಳೆಯುತ್ತದೆ. ಆ ಹಳದಿಯನ್ನು ನಂಬಿ ಪ್ರಬಂಧ ಅಚ್ಚಾದರೆ, ಅದರ ಮೇಲೆ ಇನ್ನೆಷ್ಟೋ ಮಂದಿ ತಮ್ಮ ವರುಷಗಳನ್ನು ಕಳೆಯಬೇಕಾದೀತು.

ಪರೀಕ್ಷೆಗಳು ಸರಳ, ಧೈರ್ಯವೇ ದುರ್ಲಭ. ಲೇಸರುಗಳನ್ನು ಒಂದಾದ ಮೇಲೊಂದು ಹಾಯಿಸಬೇಕು. ಹಸುರನ್ನಷ್ಟೇ ಹಚ್ಚಿದ ತುಂಡೊಂದನ್ನೂ, ಬಣ್ಣವನ್ನೇ ಕಾಣದ ತುಂಡೊಂದನ್ನೂ ಅದೇ ಅಳತೆಯಲ್ಲಿ ನೋಡಬೇಕು. ಅಲ್ಲಿಯೂ ಕೆಂಪು ಕಂಡರೆ ಹಿಗ್ಗಿದ ಮನಸ್ಸು ತಗ್ಗಬೇಕು.

ಬಣ್ಣವಿಲ್ಲದ ತುಂಡಿನ ಕಪ್ಪು ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ಬಣ್ಣದ ಚಿತ್ರದ ಮಾತಿಗೆ ಸಾಕ್ಷಿ ನಿಲ್ಲುವುದು ಅದೇ.