ಇಳಿವಯಸ್ಸಿಗೊಂದು ಓಣಿ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಡುವೆ ಎರೆಮಣ್ಣಿನ ವಿಶಾಲ ಬಯಲು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳು ಈ ಬಯಲಿನ ಊರುಗಳು. ಹಿಂಗಾರಿನ ಬಿಳಿಜೋಳ ತೆನೆದೂಗುವಾಗ ಕಂಡವರು ಇದನ್ನು ಬರದ ಸೀಮೆಯೆಂದು ನಂಬಲಾರರು. ಆದರೆ ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಗೋವೆಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೊರಡುತ್ತವೆ. ಓದಿದ ಮಕ್ಕಳು ನೌಕರಿಯ ಬೆನ್ನುಹತ್ತುತ್ತಾರೆ. ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಉಳಿಯುವವರು ವೃದ್ಧ ದಂಪತಿಗಳು. ಕೆಲವೆಡೆ ಅವರಲ್ಲೊಬ್ಬರು ಮಾತ್ರ.

ಹಿರಿಯ ನಾಗರಿಕರ ರಕ್ಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು, ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವಿರಬೇಕೆಂದೂ, ಅದರಲ್ಲಿ ಕನಿಷ್ಠ 150 ಮಂದಿಗೆ ಸ್ಥಳವಿರಬೇಕೆಂದೂ ಹೇಳುತ್ತದೆ. ಅದು ನಿರ್ಗತಿಕರಿಗಾಗಿ. ಮನೆ ಇದೆ, ಹೊಲವಿದೆ, ನಡುರಾತ್ರಿ ಕಾಲು ಜಾರಿ ಬಿದ್ದರೆ ಕೂಗಿಗೆ ಓಗೊಡುವವರಿಲ್ಲ ಎಂಬಂಥವರು ಎಲ್ಲಿಗೆ ಹೋಗಬೇಕು?

ಡೆನ್ಮಾರ್ಕಿನವರು ಇದಕ್ಕೊಂದು ದಾರಿ ಹುಡುಕಿದರು. ಯಾನ್ ಗುಡ್ಮಂಡ್-ಹೋಯರ್ ಎಂಬ ವಾಸ್ತುಶಿಲ್ಪಿ 1964ರಲ್ಲಿ ಗೆಳೆಯರನ್ನು ಕೂಡಿಸಿ ಆಲೋಚಿಸಿದ. ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಎಲ್ಲರಿಗೂ ಸೇರಿ ಒಂದು ಅಡಿಗೆಮನೆ ಮತ್ತು ಅಂಗಳ. ಇಂಥ ಮೊದಲ ವಸತಿಗಳು 1970ರ ದಶಕದಲ್ಲಿ ಎದ್ದವು. ಮುಂದೆ ವೃದ್ಧರಿಗಾಗಿಯೇ ಕಟ್ಟಿದವೂ ಬಂದವು. ಅದೇ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಅದರ ಹಿನ್ನೀರಿಗೆ ಊರುಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ನಡೆದರು. ನಿವೇಶನವನ್ನು ಅಳೆದು ಕೊಡಬಹುದು. ನೆರೆಹೊರೆಯನ್ನು ಹಾಗೆ ಕೊಡಲಾಗದೆಂಬುದನ್ನು ಈ ಸೀಮೆ ಬಲ್ಲದು.

ಇಲ್ಲಿ ಅಂಥ ಓಣಿಯೊಂದನ್ನು ಕಟ್ಟಹೊರಟರೆ ಎದುರಾಗುವ ತೊಡಕುಗಳು ಸಣ್ಣವಲ್ಲ. ಹೊಲದಲ್ಲಿ ಮನೆಗಳೇಳಬೇಕಾದರೆ ಮೊದಲು ಭೂಪರಿವರ್ತನೆಯಾಗಬೇಕು. ಬೇಸಗೆಯ ನೀರಿಗೆ ವ್ಯವಸ್ಥೆ ಬೇಕು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲಿಲ್ಲ. ದೊಡ್ಡ ಆಸ್ಪತ್ರೆಗೆ ವಿಜಯಪುರದ ಹಾದಿಯನ್ನೇ ಹಿಡಿಯಬೇಕು. ಸದಸ್ಯರೊಬ್ಬರು ತೀರಿಕೊಂಡರೆ ಅವರ ಪಾಲಿನ ಮನೆ ಮಗನದೋ, ಸಂಘದ್ದೋ? ದೂರದ ಮಗ ಅದನ್ನು ಯಾರಿಗೋ ಮಾರಿದರೆ ಓಣಿಯ ಉದ್ದೇಶವೇ ಮುರಿಯುತ್ತದೆ. ಇದನ್ನು ತಳಹದಿ ತೋಡುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಇವೆಲ್ಲಕ್ಕಿಂತ ಕಠಿಣವಾದವು ಎರಡು: ಒಲೆ ಮತ್ತು ಲಜ್ಜೆ. ಒಂದೇ ಪಂಕ್ತಿಯಲ್ಲಿ ಯಾರು ಯಾರೊಡನೆ ಕುಳಿತು ರೊಟ್ಟಿ ಮುರಿಯುವರು? ‘ಮಕ್ಕಳು ಹೊರಹಾಕಿದರು’ ಎಂಬ ಮಾತಿಗೆ ಅಂಜಿ ಎಷ್ಟು ಮಂದಿ ಒಂಟಿತನವನ್ನೇ ಆರಿಸಿಕೊಳ್ಳುವರು? ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ದಾಸೋಹದ ಮಾತನ್ನು ನಾಡಿಗೆ ಕಲಿಸಿದ ಮಹಾನುಭಾವರ ನೆಲದಲ್ಲಿಯೂ ಈ ಪ್ರಶ್ನೆ ಕೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಆದ್ದರಿಂದ ಕಟ್ಟಡಕ್ಕಿಂತ ಮೊದಲು ಪಂಕ್ತಿ ಏರ್ಪಡಲಿ. ಒಂದೇ ಓಣಿಯ ನಾಲ್ಕು ಮನೆಗಳ ವೃದ್ಧರು ಸೇರಿ ಒಬ್ಬ ಅಡಿಗೆಯವಳನ್ನೂ ಒಬ್ಬ ದಾದಿಯನ್ನೂ ಇಟ್ಟುಕೊಂಡು ಒಂದು ವರ್ಷ ನಡೆಸಿ ನೋಡಲಿ. ಆ ಪಂಕ್ತಿ ಉಳಿದರೆ ಗೋಡೆಗಳು ತಾವಾಗಿಯೇ ಏಳುತ್ತವೆ.