ಬಬಕೂತುವಿನ ಕಾಡಿನಲ್ಲಿ ಒಂದು ಬೆಳಗು

ದಸರಾ ರಜೆಯಲ್ಲಿ ನಾವು ಮಾರಿಷಸ್ ದ್ವೀಪಕ್ಕೆ ಹೋಗಿದ್ದುದು ಅಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನನ ಒತ್ತಾಯಕ್ಕಾಗಿ. ಹೋದ ಮೇಲೆ ಆತನದು ಇನ್ನೊಂದು ಒತ್ತಾಯ. “ಇಷ್ಟು ದೂರ ಬಂದಿದ್ದೀರಿ, ಭಾವ. ಮಡಗಾಸ್ಕರ್ ಇಲ್ಲಿಂದ ಎರಡು ಗಂಟೆಯ ವಿಮಾನಪ್ರಯಾಣ. ನೋಡದೆ ಹೋದರೆ ಹೇಗೆ?” ಹೆಂಗಸರೂ ಮಕ್ಕಳೂ ಕಡಲ ತೀರವನ್ನು ಬಿಟ್ಟು ಬರಲು ಒಪ್ಪಲಿಲ್ಲ. ನಾವಿಬ್ಬರೇ ಹೊರಟೆವು.

ರಾಜಧಾನಿಯಾದ ಅಂಟನನರಿವೊ ನಗರವನ್ನು ಬಿಟ್ಟು ಮೂಡಲಿಗೆ ಹೊರಟರೆ ಕೆಂಪು ಮಣ್ಣಿನ ಗುಡ್ಡಗಳು, ಕಣಿವೆಗಳಲ್ಲಿ ಬತ್ತದ ಗದ್ದೆಗಳು. ಅಲ್ಲಿಯ ಜನಕ್ಕೆ ಮೂರು ಹೊತ್ತೂ ಅನ್ನವೇ ಆಹಾರ. ಮಲೆನಾಡಿನವನಾದ ನನಗೆ ಪರದೇಶವೆಂಬ ಭಾವನೆಯೇ ಬರಲಿಲ್ಲ. ಆದರೆ ಗುಡ್ಡಗಳ ಮೇಲೆ ಮರಗಳಿರಲಿಲ್ಲ. ರಸ್ತೆಯ ಬದಿಯಲ್ಲಿ ಸಾಲಾಗಿ ಇದ್ದಿಲಿನ ಮೂಟೆಗಳನ್ನು ಮಾರಾಟಕ್ಕೆ ನಿಲ್ಲಿಸಿದ್ದರು. ಕಾಡನ್ನು ನೋಡಲು ಹೊರಟವರಿಗೆ ಮೊದಲು ಕಂಡುದು ಕಾಡಿನ ಬೂದಿ. ಸುಮಾರು 140 ಕಿಲೋಮೀಟರು ದೂರವನ್ನು ಕ್ರಮಿಸಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ಅಂದಾಸಿಬೆ ಎಂಬ ಹಳ್ಳಿ ಸೇರುವ ವೇಳೆಗೆ ಮಳೆ ಹನಿಯುತ್ತಿದ್ದಿತು. ಅಲ್ಲಿಗೆ ಬಂದಾಗಲೇ ಕಾಡು ಎಂಬುದು ಕಣ್ಣಿಗೆ ಬಿದ್ದುದು.

ಮರುದಿನ ಮುಂಜಾನೆ ಮಾರ್ಗದರ್ಶಿ ಯುವಕನೊಬ್ಬನೊಡನೆ ಅನಲಮಜಾವೋಟ್ರ ಎಂಬ ರಕ್ಷಿತಾರಣ್ಯವನ್ನು ಹೊಕ್ಕೆವು. ಮಂಜು ಇನ್ನೂ ಕರಗಿರಲಿಲ್ಲ. ಒಂದು ಗಂಟೆ ನಡೆದು ನನ್ನ ಕಾಲು ಸೋತಿದ್ದಾಗ, ತಲೆಯ ಮೇಲೆಯೇ ಎಂಬಂತೆ ಯಾರೋ ಗರ್ಜಿಸಿದಂತಾಯಿತು. ಗರ್ಜನೆ ಒಡನೆಯೇ ನೀಳವಾದ ಕೂಗಾಗಿ ಮೇಲೇರಿ, ಸ್ವರ ಸ್ವರವಾಗಿ ಕೆಳಗಿಳಿಯಿತು. ಮತ್ತೊಂದು ಕೊರಳು ಸೇರಿತು, ಇನ್ನೊಂದು ಸೇರಿತು. ಶಂಖದ ನಾದವೆನ್ನಲೆ, ಮಗುವಿನ ಅಳುವೆನ್ನಲೆ? ಎರಡು ಮೂರು ನಿಮಿಷ ಕಾಡೆಲ್ಲ ಆ ದನಿಯಿಂದ ತುಂಬಿಹೋಯಿತು. ನನ್ನ ಮೈ ನವಿರೆದ್ದಿತು. ಭಾವಮೈದುನ ಕ್ಯಾಮೆರಾ ಹಿಡಿದವನು ಅದನ್ನು ಒತ್ತುವುದನ್ನೇ ಮರೆತನು.

ಇದೇ ಇಂದ್ರಿ, ಇಂದು ಬದುಕಿರುವ ಲೀಮರ್‌ಗಳಲ್ಲಿ ಅತ್ಯಂತ ದೊಡ್ಡದು. ಕಪ್ಪು ಬಿಳುಪಿನ ದಟ್ಟ ತುಪ್ಪಳ, ದುಂಡಾದ ಕಿವಿ, ನಾಯಿಯಂತಹ ಮೂತಿ. ಬಾಲವೆಂದರೆ ಒಂದು ಮೋಟು, ಅಷ್ಟೆ. ಒಂಬತ್ತು ಕಿಲೋಗ್ರಾಮಿನವರೆಗೆ ತೂಗುವ ಈ ಪ್ರಾಣಿ ಕಾಂಡವನ್ನು ತಬ್ಬಿ ಕುಳಿತಲ್ಲಿಂದ ಹಿಂಗಾಲನ್ನು ಒದ್ದು, ಹತ್ತು ಮೀಟರಿನಷ್ಟು ದೂರದ ಮರಕ್ಕೆ ನೆಗೆಯಬಲ್ಲುದು. ಗಂಡು, ಹೆಣ್ಣು, ಮಕ್ಕಳು ಒಂದು ಸಂಸಾರವಾಗಿರುತ್ತವೆ. ಯಜಮಾನಿಕೆ ಮಾತ್ರ ಹೆಣ್ಣಿನದು. ಒಳ್ಳೆಯ ಚಿಗುರಿರುವ ಕೊಂಬೆಯಲ್ಲಿ ಮೊದಲ ಪಂಕ್ತಿ ಅವಳಿಗೆ, ಗಂಡು ಕಾದಿರಬೇಕು. (ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಶ್ರೀಮತಿಗೆ ಲೀಮರ್‌ಗಳ ಮೇಲೆ ಗೌರವ ಹೆಚ್ಚಾಯಿತು.) ಎಲೆಯ ವಿಷವನ್ನು ಕಳೆಯಲೆಂದೋ ಏನೋ, ನಡುನಡುವೆ ನೆಲಕ್ಕಿಳಿದು ಮಣ್ಣನ್ನೂ ತಿನ್ನುತ್ತವೆ.

ಆ ಹಾಡು ಎರಡು ಕಿಲೋಮೀಟರಿಗೂ ಆಚೆ ಕೇಳಿಸುತ್ತದೆ. ‘ಇದು ನಮ್ಮ ಎಲ್ಲೆ’ ಎಂದು ನೆರೆಯವರಿಗೆ ತಿಳಿಸುವ ಉಪಾಯ ಅದು. 2021ರಲ್ಲಿ ವಿದ್ವಾಂಸರು ಈ ಹಾಡುಗಳ ಅಳತೆ ತೆಗೆದು ಪ್ರಕಟಿಸಿದ ಸಂಗತಿ ಸಂಗೀತಪ್ರಿಯರಿಗೆ ಕುತೂಹಲಕರವಾದುದು: ಸ್ವರಗಳ ನಡುವಣ ಅಂತರ ಒಂದೋ ಸಮನಾಗಿರುತ್ತದೆ, ಇಲ್ಲವೆ ಒಂದಕ್ಕೆ ಎರಡರಂತಿರುತ್ತದೆ. ನಮ್ಮವರು ಒಂದನೆಯ ಕಾಲ, ಎರಡನೆಯ ಕಾಲ ಎನ್ನುವುದಿಲ್ಲವೆ?

‘ಇಂದ್ರಿ’ ಎಂಬ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಫ್ರೆಂಚ್ ಪ್ರವಾಸಿ ಸೊನ್ನರಾ 1782ರಲ್ಲಿ ಈ ಹೆಸರನ್ನು ಬರೆದಿಟ್ಟನು. ಆ ದೇಶದವನೊಬ್ಬ ಮರವನ್ನು ತೋರಿಸಿ “ಇಂದ್ರಿ” ಎಂದನಂತೆ. ‘ಅಗೋ ನೋಡು’ ಎಂಬುದು ಅದರ ಅರ್ಥ. ಈತ ಅದನ್ನೇ ಪ್ರಾಣಿಯ ಹೆಸರೆಂದು ತಿಳಿದನಂತೆ. ಭಾಷೆಯನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಜನ ಕರೆಯುವುದು ಬಬಕೂತು ಎಂದು. ಕೂತು ಎಂಬವನು ಜೇನು ಕೀಳಲು ಮರವೇರಿ, ಹುಳಗಳ ಕಡಿತಕ್ಕೆ ಸಿಕ್ಕಿ ಬೀಳುವುದರಲ್ಲಿದ್ದಾಗ ಈ ಪ್ರಾಣಿ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿತಂತೆ. ಅಂದಿನಿಂದ ಅದನ್ನು ಕೊಲ್ಲುವುದು ‘ಫಾದಿ’, ಎಂದರೆ ನಿಷಿದ್ಧ. ತಮ್ಮ ಹಿರಿಯನಂತೆ ಅದನ್ನು ಕಂಡರು.

ಅಲ್ಲಿ ನಂಬಿಕೆಯೊಂದು ಪ್ರಾಣಿಯನ್ನು ಕಾಯಿತು. ನಮ್ಮಲ್ಲಿ? ಲೀಮರ್‌ನ ದೂರದ ದಾಯಾದಿಯಾದ ಕಾಡುಪಾಪ ನಮ್ಮ ನಾಡಿನಲ್ಲಿಯೇ ಇದೆ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ಊರ ಸಂತೆಯಲ್ಲಿ ನಾರುಬೇರು ಮಾರುವವನೊಬ್ಬ ಬುಟ್ಟಿಯಲ್ಲಿ ಒಂದನ್ನು ಇಟ್ಟುಕೊಂಡಿದ್ದ. ಇರುಳಿನಲ್ಲಿ ಸಂಚರಿಸುವ ಆ ಬಡಜೀವ ನಡುಹಗಲಿನ ಬಿಸಿಲಿಗೆ ಕಣ್ಣು ಮುಚ್ಚಿ, ಪುಟ್ಟ ಕೈಗಳಿಂದ ಬುಟ್ಟಿಯ ಅಂಚನ್ನು ಹಿಡಿದುಕೊಂಡಿತ್ತು. ಮಾಟಮಂತ್ರಕ್ಕೆ ಅದರ ಕಣ್ಣು ಬೇಕೆಂದು ಜನ ಹೇಳಿಕೊಳ್ಳುತ್ತಿದ್ದರು. ಕಡ್ಡಿಯಿಂದ ಕೆದಕಿ ನಕ್ಕ ಹುಡುಗರಲ್ಲಿ ನಾನೂ ಒಬ್ಬ. ಅಂದಾಸಿಬೆಯ ಕಾಡಿನಲ್ಲಿ ನಿಂತಾಗ ಆ ಬುಟ್ಟಿ ನೆನಪಾಯಿತು. ಜೊತೆಯಲ್ಲಿದ್ದವನಿಗೆ ನಾನದನ್ನು ಹೇಳಲಿಲ್ಲ.

ಭಾರತದಲ್ಲಿ ಕಾಡುಪಾಪ, ಮಡಗಾಸ್ಕರಿನಲ್ಲಿ ಲೀಮರ್, ನಡುವೆ ಕಡಲು. ಇದು ಹೇಗೆಂದು ಬಗೆಹರಿಸಲು 1864ರಲ್ಲಿ ಸ್ಕ್ಲೇಟರ್ ಎಂಬ ಪಂಡಿತನು ‘ಲೆಮುರಿಯಾ’ ಎಂಬ ಮುಳುಗಿದ ಖಂಡವನ್ನೇ ಕಲ್ಪಿಸಿದನು. ಮುಳುಗಿದುದು ಏನೂ ಇಲ್ಲ. ಎರಡು ನೆಲಗಳೇ ಬೇರೆಬೇರೆಯಾಗಿ ಸರಿದವು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಆ ಅಗಲಿಕೆಯ ಕಾಲದಲ್ಲಿ ಉಕ್ಕಿದ ಲಾವಾದಿಂದ ಆದವು. ಲೀಮರ್‌ಗಳ ಪೂರ್ವಜರು ಮಡಗಾಸ್ಕರನ್ನು ಸೇರಿದುದು ಅದಕ್ಕೂ ಬಹಳ ಈಚೆಗೆ. ಆಫ್ರಿಕದಿಂದ ತೇಲುವ ಗಿಡಮರಗಳನ್ನು ಹಿಡಿದು ಬಂದಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ.

ಫಾದಿ ಈಗ ಸಡಿಲವಾಗಿದೆ. ಹೊರಗಿನಿಂದ ಬಂದವರಿಗೆ ಬಬಕೂತು ಕೇವಲ ಮಾಂಸ. ನಮ್ಮ ಕುಮರಿ ಬೇಸಾಯದಂತೆ ಕಾಡನ್ನು ಸುಟ್ಟು ಬತ್ತ ಬಿತ್ತುವ ‘ತಾವಿ’ಯೂ ನಿಂತಿಲ್ಲ. ಬಡವನ ಅನ್ನವನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಂದ್ರಿ ಸೆರೆಯಲ್ಲಿ ಬಾಳುವ ಪ್ರಾಣಿಯಲ್ಲ. ಮೃಗಾಲಯಗಳಿಗೆ ಒಯ್ದವೆಲ್ಲ ಬಹುಬೇಗ ಸತ್ತವು. ಹೆಣ್ಣು ಏಳೆಂಟು ವರ್ಷಕ್ಕೆ ಪ್ರಾಯಕ್ಕೆ ಬಂದು, ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿಯನ್ನು ಹೆರುತ್ತದೆ.

ನಾವು ಕಂಡ ತಾಯಿಯ ಬೆನ್ನ ಮೇಲೊಂದು ಮರಿಯಿದ್ದಿತು. ಹೊಟ್ಟೆಯನ್ನು ಬಿಟ್ಟು ಆಗಷ್ಟೆ ಬೆನ್ನಿಗೆ ಏರಿದ ವಯಸ್ಸು ಅದರದು. ಹಾಡು ಮುಗಿದಾಗ ಬಡಗಲಿಂದ ಒಂದು ಸಂಸಾರ ಉತ್ತರ ಕೊಟ್ಟಿತು, ಬಳಿಕ ತೆಂಕಲಿಂದ ಇನ್ನೊಂದು. ನಾವು ಹಿಂದಿರುಗಲು ಅಣಿಯಾದೆವು. ಮಾರ್ಗದರ್ಶಿ ಮಾತ್ರ ಕೈಯೆತ್ತಿ ನಮ್ಮನ್ನು ತಡೆದು, ಮೂಡಲ ಗುಡ್ಡದ ಕಡೆಗೆ ಕಿವಿಗೊಟ್ಟು ನಿಂತನು. ಕೇಳಿದ್ದಕ್ಕೆ, ಎರಡು ವರ್ಷದ ಹಿಂದಿನವರೆಗೆ ಆ ಕಡೆಯಿಂದಲೂ ಒಂದು ಸಂಸಾರ ಕೂಗುತ್ತಿದ್ದಿತು ಎಂದನು. ಮಳೆ ಜೋರಾಗುವವರೆಗೂ ಅಲ್ಲಿಯೇ ನಿಂತಿದ್ದೆವು.